ಹಳೆಯ ವೆಸ್ಟರ್ನ್ ಕಾಮಿಕ್ಸ್ ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ದರೋಡೆಕೋರರ ಕಥೆಗಳಿರುವ ಹಳೆಯ ಅಮೆರಿಕನ್ ಕಾಮಿಕ್ಸ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಮುಖಪುಟದ ಪಿಸ್ತೂಲಿನ ಕಡೆಗೆ, ಕುದುರೆಯ ಕಡೆಗೆ. ಆದರೆ ಪುಸ್ತಕದ ಜಾತಕವಿರುವುದು ಮುಖಪುಟದ ಒಳಬದಿಯಲ್ಲಿ ಇಲ್ಲವೇ ಮೊದಲ ಪುಟದ ಅಡಿಯಲ್ಲಿ, ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣಕ್ಷರದಲ್ಲಿ ಅಚ್ಚಾಗಿರುವ ನಾಲ್ಕೈದು ಸಾಲುಗಳಲ್ಲಿ. ಶೀರ್ಷಿಕೆ, ಸಂಚಿಕೆಯ ಸಂಖ್ಯೆ, ಪ್ರಕಾಶಕರ ಹೆಸರು, ತಿಂಗಳು ಮತ್ತು ವರ್ಷ ಸಾಮಾನ್ಯವಾಗಿ ಅಲ್ಲಿ ಸಿಗುತ್ತವೆ. ಪರೀಕ್ಷೆಯನ್ನು ಅಲ್ಲಿಂದ ಆರಂಭಿಸುವುದೇ ಸರಿ.

ಸಂಖ್ಯೆಯನ್ನು ಕಂಡು ಗಲಿಬಿಲಿಗೊಳ್ಳುವುದು ಹೊಸಬರಿಗೆ ಸಹಜ. ಚಾರ್ಲ್‌ಟನ್ ಸಂಸ್ಥೆಯ ‘ಬಿಲ್ಲಿ ದ ಕಿಡ್’ 1957ರಲ್ಲಿ ಆರಂಭವಾದದ್ದೇ 9ನೇ ಸಂಚಿಕೆಯಿಂದ. ಮೊದಲ ಎಂಟು ಸಂಚಿಕೆಗಳು ‘ಮಾಸ್ಕ್ಡ್ ರೇಡರ್’ ಎಂಬ ಬೇರೆ ಹೆಸರಿನಲ್ಲಿ ಬಂದಿದ್ದವು. ಹೊಸ ಪತ್ರಿಕೆಗೆ ಎರಡನೇ ದರ್ಜೆಯ (ಪತ್ರಿಕೆಗಳಿಗೆ ಅಗ್ಗದ ದರದ) ಅಂಚೆ ಪರವಾನಗಿಯನ್ನು ಮತ್ತೆ ಹಣ ಕಟ್ಟಿ ಪಡೆಯಬೇಕಾಗಿದ್ದರಿಂದ, ಪ್ರಕಾಶಕರು ಹೆಸರನ್ನು ಬದಲಿಸಿ ಸಂಖ್ಯೆಯನ್ನು ಮುಂದುವರಿಸುತ್ತಿದ್ದರು. ಈ ಸಂಗತಿ ತಿಳಿಯದವರು ಇಲ್ಲದ 1ನೇ ಸಂಚಿಕೆಯನ್ನು ಹುಡುಕುತ್ತ ತಿಂಗಳುಗಳನ್ನು ಕಳೆಯುತ್ತಾರೆ. ನಡುವೆ ಚಿತ್ರವೇ ಇಲ್ಲದ ಎರಡು ಪುಟಗಳ ಕಥೆ ಕಂಡುಬಂದರೆ ಅದನ್ನೂ ದೋಷವೆಂದು ಭಾವಿಸಬಾರದು. ಅದೇ ಅಂಚೆ ಪರವಾನಗಿಗೆ ಗದ್ಯದ ಪುಟಗಳೂ ಇರಬೇಕೆಂಬ ನಿಯಮವನ್ನು ಪಾಲಿಸಲು ತುಂಬುತ್ತಿದ್ದ ಬರಹ ಅದು. ಅದನ್ನು ಓದಿದ ಮಕ್ಕಳು ಇದ್ದರೋ ಇಲ್ಲವೋ ನನಗೆ ಅನುಮಾನ.

ಕಾಲವನ್ನು ಅಂದಾಜಿಸಲು ಮುಖಪುಟದ ಬೆಲೆ ಮತ್ತು ಮುದ್ರೆ ನೆರವಾಗುತ್ತವೆ. ಹೆಚ್ಚಿನ ಸಂಸ್ಥೆಗಳ ಕಾಮಿಕ್ಸ್ 1961ರ ಕೊನೆಯವರೆಗೂ 10 ಸೆಂಟ್‌ಗೆ ಮಾರಾಟವಾಗಿ, ಅನಂತರ 12ಕ್ಕೂ 1969ರಲ್ಲಿ 15ಕ್ಕೂ ಏರಿದವು. ಕಾಮಿಕ್ಸ್ ಮಕ್ಕಳನ್ನು ಅಪರಾಧಕ್ಕೆ ಎಳೆಯುತ್ತವೆಯೇ ಎಂಬ ಬಗ್ಗೆ 1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆ ನಡೆದ ಬಳಿಕ ಪ್ರಕಾಶಕರು ತಾವೇ ತಮ್ಮ ಪುಸ್ತಕಗಳನ್ನು ಪರಿಶೀಲಿಸಲು ಕಾಮಿಕ್ಸ್ ಕೋಡ್ ಅಥಾರಿಟಿ ಎಂಬ ಮಂಡಳಿಯನ್ನು ಸ್ಥಾಪಿಸಿಕೊಂಡರು; 1955ರ ಆರಂಭದಿಂದ ಅದರ ಒಪ್ಪಿಗೆಯ ಮುದ್ರೆ ಮುಖಪುಟಗಳ ಮೇಲ್ಭಾಗದಲ್ಲಿ ಕಾಣಿಸತೊಡಗಿತು. ಅಪರಾಧಿಯ ಬಗ್ಗೆ ಓದುಗರಲ್ಲಿ ಸಹಾನುಭೂತಿ ಹುಟ್ಟಿಸಬಾರದು ಎಂಬ ನಿಯಮ ದರೋಡೆಕೋರನನ್ನೇ ನಾಯಕನನ್ನಾಗಿಸಿದ್ದ ಪುಸ್ತಕಗಳಿಗೆ ನೇರವಾಗಿ ತಟ್ಟಿತು. 1950ರಲ್ಲಿ ಏವನ್ ಸಂಸ್ಥೆ ನಿಜವಾಗಿಯೂ ಬದುಕಿದ್ದ ದರೋಡೆಕೋರ ಜೆಸ್ಸಿ ಜೇಮ್ಸ್‌ನ ಹೆಸರಿನಲ್ಲೇ ಪತ್ರಿಕೆ ಹೊರಡಿಸಿತ್ತು. ಮುದ್ರೆಯ ಕಾಲದಲ್ಲಿ ಉಳಿದುಕೊಂಡವನು ಹೆಚ್ಚಾಗಿ, ತಪ್ಪು ತಿಳಿವಳಿಕೆಯಿಂದ ಕಾನೂನಿನ ಕಣ್ಣಿಗೆ ಅಪರಾಧಿಯಾದ ಒಳ್ಳೆಯ ಹುಡುಗ: 1948ರಿಂದ 1979ರವರೆಗೆ 229 ಸಂಚಿಕೆಗಳನ್ನು ಕಂಡ ‘ಕಿಡ್ ಕೋಲ್ಟ್’ ಅಂಥವನೇ. 1954ರಲ್ಲಿ ಬಂದ ‘ಔಟ್‌ಲಾ ಕಿಡ್’ನ ನಾಯಕನಂತೂ ಹಗಲಲ್ಲಿ ವಕೀಲ, ಕುರುಡು ತಂದೆಗೆ ತಿಳಿಯದಂತೆ ಮುಖವಾಡ ತೊಟ್ಟು ಹೊರಡುವವ. ಮುದ್ರೆಯಿಲ್ಲದ್ದೆಲ್ಲ 1955ಕ್ಕಿಂತ ಹಿಂದಿನದೆಂದು ಮಾತ್ರ ತೀರ್ಮಾನಿಸಬಾರದು. ಡೆಲ್ ಸಂಸ್ಥೆ ಆ ವ್ಯವಸ್ಥೆಗೆ ಸೇರಲೇ ಇಲ್ಲ.

ಮರುಮುದ್ರಣಗಳ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. 1970ರ ದಶಕದಲ್ಲಿ ‘ಕಿಡ್ ಕೋಲ್ಟ್’ ಬಹುಮಟ್ಟಿಗೆ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕಿತು. ‘ಔಟ್‌ಲಾ ಕಿಡ್’ ಕೂಡ 1970ರಲ್ಲಿ 1ನೇ ಸಂಖ್ಯೆಯಿಂದ ಮರಳಿ ಬಂದಿತು. ಬೆಲೆ ಪೆನ್ಸ್‌ನಲ್ಲಿದ್ದು ಒಳಪುಟಗಳು ಕಪ್ಪು-ಬಿಳುಪಾಗಿದ್ದರೆ ಅದು ಬ್ರಿಟನ್ನಿನ ಮುದ್ರಣವಾಗಿರುವ ಸಂಭವವೇ ಹೆಚ್ಚು.

ಇನ್ನು ಹಾಳೆಗಳನ್ನು ಎಣಿಸಬೇಕು. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಅಂದವಾದ ಮುಖಪುಟಕ್ಕೆ ಮರುಳಾಗಿ ಕೊಂಡ ಪ್ರತಿಯಲ್ಲಿ, ಎಡಪುಟದ ಕೊನೆಯ ಚೌಕದಲ್ಲಿ ಶೆರಿಫ್ ಬಾಗಿಲನ್ನು ಒದೆಯುತ್ತಿದ್ದ. ಬಲಪುಟದ ಮೊದಲ ಚೌಕದಲ್ಲಿ ಯಾರದೋ ಶವಸಂಸ್ಕಾರ ನಡೆಯುತ್ತಿತ್ತು. ನಡುವಿನ ಹಾಳೆಯೇ, ಅಂದರೆ ನಾಲ್ಕು ಪುಟಗಳೇ, ಕಳಚಿ ಹೋಗಿದ್ದವು. 1950ರ ದಶಕದ ಸಾಮಾನ್ಯ ಪ್ರತಿಯೊಂದರಲ್ಲಿ ಮುಖಪುಟವನ್ನು ಬಿಟ್ಟು 32 ಪುಟಗಳು, ಎಂದರೆ ಎಂಟು ಅಗಲ ಹಾಳೆಗಳನ್ನು ಮಡಿಸಿದ 16 ಎಲೆಗಳು ಇರಬೇಕು. 1940ರ ದಶಕದ ಕೊನೆಯ ಕೆಲವು ಪ್ರತಿಗಳು ಇನ್ನೂ ದಪ್ಪವಾಗಿರುತ್ತವೆ. ನಡುವಿನ ಹಾಳೆಯನ್ನು ಎರಡೂ ಪಿನ್ನುಗಳು ಹಿಡಿದಿವೆಯೇ ಎಂದು ನೋಡಬೇಕು. ಜಾಹೀರಾತಿನ ಕೂಪನ್ನನ್ನು ಯಾವುದೋ ಬಾಲಕ ಕತ್ತರಿಸಿಕೊಂಡಿದ್ದರೆ, ಅದರ ಹಿಂಬದಿಯ ಕಥೆಯಲ್ಲೂ ಒಂದು ಚೌಕ ಕಾಣೆಯಾಗಿರುವುದುಂಟು. ಮುಖಪುಟದ ಮೇಲಿನ ಪಟ್ಟಿ ಹರಿದಿದ್ದರೆ ಅದು ಮಾರಾಟವಾಗದೆ ಉಳಿದ ಪ್ರತಿ. ಹಣ ಹಿಂಪಡೆಯಲು ಅಂಗಡಿಯವರು ಶೀರ್ಷಿಕೆಯ ಭಾಗವನ್ನಷ್ಟೇ ಹರಿದು ಕಳಿಸುತ್ತಿದ್ದರು.

ತೇಪೆ ಕೆಲಸವನ್ನು ಹಿಡಿಯಲು ಕತ್ತಲ ಕೋಣೆ ಮತ್ತು ನೇರಳಾತೀತ ದೀಪ ಸಾಕು. ಬೆನ್ನಿನ ಬಿರುಕುಗಳಿಗೆ ಮೇಲಿಂದ ಹಚ್ಚಿದ ಬಣ್ಣ ಸುತ್ತಲಿನ ಅಚ್ಚಿನ ಮಸಿಗಿಂತ ಬೇರೆಯಾಗಿ ತೋರುತ್ತದೆ. ಸವೆದ ಅಂಚನ್ನು ಕತ್ತರಿಸಿ ಹೊಸದರಂತೆ ಮಾಡಿದ್ದಾರೆಂಬ ಸಂಶಯವಿದ್ದರೆ, ಅದೇ ವರ್ಷದ, ಅದೇ ಪ್ರಕಾಶಕರ ಬೇರೊಂದು ಪ್ರತಿಯೊಂದಿಗೆ ಅಗಲವನ್ನು ಅಳೆದು ನೋಡಬೇಕು.

ಕಾಗದ ಅಗ್ಗದ ನ್ಯೂಸ್‌ಪ್ರಿಂಟ್. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಗೆ ಆಮ್ಲವಾಗಿ ಅಂಚಿನಿಂದ ಒಳಕ್ಕೆ ಕಂದುತ್ತ ಹೋಗುತ್ತದೆ. ಕೊನೆಗೆ ಮೂಲೆ ಮುಟ್ಟಿದರೆ ಪುಡಿಯಾಗುವುದರಿಂದ, ಗಟ್ಟಿಯಿದೆಯೇ ಎಂದು ಮೂಲೆಯನ್ನು ಮಡಿಸಿ ನೋಡುವ ಚಾಳಿಯನ್ನು ಬಿಡಬೇಕು. ಪಾಲಿಯೆಸ್ಟರ್ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟನ್ನು ಕೊಟ್ಟು, ತಂಪಾದ ಕತ್ತಲ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ತೇವ ಹೆಚ್ಚಿದರೆ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಪಿವಿಸಿ ಚೀಲಗಳೂ ಸೆಲೊ ಟೇಪೂ ಹತ್ತಿರ ಸುಳಿಯಬಾರದು.

ಮುಖಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಪುಟ್ಟ ತಾರೀಖು ಕಂಡರೆ ಅಳಿಸಲು ಹೋಗಬಾರದು. ಸರಕು ಬಂದ ದಿನ ಅಂಗಡಿಯವನು ಹಾಕಿದ ಗುರುತು ಅದು. ಪತ್ರಿಕೆಯಲ್ಲಿ ಅಚ್ಚಾಗಿರುವ ತಿಂಗಳಿಗಿಂತ ಅದು ಎರಡು ಮೂರು ತಿಂಗಳು ಹಿಂದಿನದಾಗಿರುವುದು ಸಾಮಾನ್ಯ; ಪತ್ರಿಕೆ ಹಳತಾಯಿತೆಂದು ಬೇಗ ವಾಪಸಾಗದಿರಲೆಂದು ಪ್ರಕಾಶಕರು ಮುಂದಿನ ತಿಂಗಳನ್ನೇ ಅಚ್ಚು ಹಾಕುತ್ತಿದ್ದರು. ರಬ್ಬರಿನಿಂದ ಉಜ್ಜಿದರೆ ಪೆನ್ಸಿಲ್ಲಿನ ಗೆರೆಯ ಜೊತೆಗೆ ಮುಖಪುಟದ ಹೊಳಪೂ ಎದ್ದು ಬರುತ್ತದೆ.