ಮಂಡಿ ಹಿಂದೆ ಒಂದು, ತೊಡೆಯಲ್ಲಿ ಇನ್ನೊಂದು

ಸಕ್ಕರೆ ಕಾಯಿಲೆಯಿಂದಾದ ಕಾಲಿನ ಹುಣ್ಣು ತೆಗೆಸಲು ಬಂದಿದ್ದ ಅಜ್ಜನ ಹಾರ್ಟ್ ಪಂಪಿಂಗ್ ಬರೀ 30 ಪರ್ಸೆಂಟ್. ಬೆನ್ನಿಗೆ ಸೂಜಿ ಹಾಕಿ ಸ್ಪೈನಲ್ ಅನಸ್ತೇಶಿಯಾ ಕೊಟ್ಟರೆ ಬಿಪಿ ಕುಸಿಯುವ ಭಯ. ಮಂಡಿ ಹಿಂದೆ ಸಯಾಟಿಕ್ ಬ್ಲಾಕ್, ಅಂದರೆ ಕಾಲಿನ ದೊಡ್ಡ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ, ಚೆನ್ನಾಗಿ ಹಿಡಿಯಿತು. ಸರ್ಜನ್ ಹರಡಿನ ಒಳಮಗ್ಗುಲಿಗೆ ಬ್ಲೇಡ್ ಇಟ್ಟರೋ ಇಲ್ಲವೋ, ಅಜ್ಜ "ಯಪ್ಪಾ!" ಅಂತ ಕಾಲು ಎಳೆದುಕೊಂಡರು. ಪಾದ ಸತ್ತ ಹಾಗಿದ್ದರೂ ತೊಡೆಗೆ ಬಲ ಇರುತ್ತೆ, ಅಲ್ವಾ? ಹರಡಿನ ಒಳಮಗ್ಗುಲಿನ ನೋವು ತಿಳಿಸುವ ಸಫೀನಸ್ ನರವನ್ನು ನಾನು ಮರೆತಿದ್ದೆ.

ಹೊಸದಾಗಿ ಅನಸ್ತೇಶಿಯಾ ಕಲಿಯುವವರಿಗೆ ಈಗ ನಾನು ಹೇಳಿಕೊಡುವುದು ಹೀಗೆ.

ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸರ್ಜರಿಯ ಕಾಲು ಮೇಲಿರಲಿ. ಅಲ್ಟ್ರಾಸೌಂಡ್‌ನ ಲೀನಿಯರ್ ಪ್ರೋಬನ್ನು ಮಂಡಿ ಹಿಂದಿನ ಮಡಿಕೆಯ ಮೇಲೆ ಅಡ್ಡಲಾಗಿ ಇಡಿ. ನರ ಹುಡುಕಬೇಡಿ, ಮೊದಲು ಮಿಡಿಯುವ ಆರ್ಟರಿ ಹುಡುಕಿ. ತೆರೆಯಲ್ಲಿ ಅದರ ಮೇಲೆ ವೇನ್ ಇರುತ್ತೆ. ಪ್ರೋಬ್ ಜಾಸ್ತಿ ಒತ್ತಿದರೆ ಅದು ಮುಚ್ಚಿಕೊಂಡು ಕಾಣುವುದೇ ಇಲ್ಲ. ಇನ್ನೂ ಮೇಲೆ, ಸ್ವಲ್ಪ ಹೊರಮಗ್ಗುಲಿಗೆ, ಜೇನುಗೂಡಿನ ಹಾಗೆ ಬೆಳ್ಳಗೆ ಕಾಣುವುದೇ ಟಿಬಿಯಲ್ ನರ. ಕಾಣಲಿಲ್ಲವೇ? ಪ್ರೋಬ್ ಜಾಗ ಬಿಡದೆ ಅದರ ಕಿರಣ ಪಾದದ ಕಡೆ ಹೋಗುವ ಹಾಗೆ ವಾಲಿಸಿ. ಪಾದ ಮೇಲೆ ಕೆಳಗೆ ಆಡಿಸಲು ಹೇಳಿ, ನರವೂ ಆಡುತ್ತೆ.

ಈಗ ನಿಧಾನಕ್ಕೆ ತೊಡೆ ಕಡೆ ಸರಿಯಿರಿ. ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರ್ ಮೇಲೆ, ಹೊರಗಿನಿಂದ ಪೆರೋನಿಯಲ್ ನರ ಬಂದು ಟಿಬಿಯಲ್ ಜೊತೆ ಸೇರಿ ಸಯಾಟಿಕ್ ಆಗುತ್ತೆ. ಎರಡೂ ಕವಲೊಡೆಯುವ ಈ ಜಾಗವೇ ನಮಗೆ ಬೇಕು. ತೊಡೆಯ ಹೊರಬದಿಯಿಂದ ಸೂಜಿ ತನ್ನಿ. ತುದಿ ಕಾಣದಿದ್ದರೆ ಅಲ್ಲೇ ನಿಲ್ಲಿ. ಎರಡನ್ನೂ ಸುತ್ತಿದ ಪೊರೆಯೊಳಗೆ, ನರದೊಳಗಲ್ಲ, ಔಷಧ ಬಿಟ್ಟರೆ ಅವು ದೂರ ಸರಿಯುವುದು ಕಾಣುತ್ತೆ. ಪ್ರತಿ 5 ಎಂಎಲ್‌ಗೆ ಒಮ್ಮೆ ಎಳೆದು ರಕ್ತ ಬರುತ್ತಾ ನೋಡಿ. ನೋವು ಅಂದರೆ, ಸಿರಿಂಜ್ ಬಿಗಿಯಾದರೆ, ತಳ್ಳಬೇಡಿ.

ಸಫೀನಸ್‌ಗೆ ಕಾಲನ್ನು ಹೊರಕ್ಕೆ ತಿರುಗಿಸಿ, ನಡುತೊಡೆಯ ಒಳಬದಿಯಲ್ಲಿ ನೋಡಿ. ದೋಣಿಯಂಥ ಸಾರ್ಟೋರಿಯಸ್ ಸ್ನಾಯುವಿನ ಕೆಳಗೆ, ಆರ್ಟರಿಯ ಪಕ್ಕದಲ್ಲಿ ಬಿಟ್ಟರೆ ಸಾಕು.

ನಾನು ಮರಗಟ್ಟಿಸುವ ಔಷಧ 0.5 ಪರ್ಸೆಂಟ್ ರೋಪಿವಕೇನ್ ಮಂಡಿ ಹಿಂದೆ 20, ತೊಡೆಯಲ್ಲಿ 8 ಎಂಎಲ್ ಕೊಡುತ್ತೇನೆ. ಒಟ್ಟು 140 ಮಿಲಿಗ್ರಾಂ. ಕೆಜಿಗೆ 3 ಮಿಲಿಗ್ರಾಂ ಲೆಕ್ಕದಲ್ಲಿ 50 ಕೆಜಿಯವರ ಮಿತಿ 150. ಇನ್ನೂ ಸಣಕಲಾಗಿದ್ದರೆ ಕಡಿಮೆ ಮಾಡಿ. ಔಷಧ ರಕ್ತಕ್ಕೆ ಸೇರಿ ವಿಷವಾದರೆ ಕೊಡಲು 20 ಪರ್ಸೆಂಟ್ ಲಿಪಿಡ್ ಬಾಟಲಿ ಕೈಗೆಟುಕುವ ಹಾಗಿರಲಿ. ತೊಡೆಗೆ ಟೂರ್ನಿಕೆ, ಅಂದರೆ ರಕ್ತ ತಡೆಯುವ ಪಟ್ಟಿ ಕಟ್ಟಿದರೆ ಆ ನೋವಿಗೆ ಈ ಎರಡು ಬ್ಲಾಕ್ ಸಾಲವು.

ಅರ್ಧ ಗಂಟೆ ಕಾಯಿರಿ, ಸರ್ಜನ್ ಗೊಣಗಿದರೂ ಸರಿ. ಸ್ಪಿರಿಟ್ ಹತ್ತಿಯಿಂದ ಪಾದದ ಮೇಲೆ, ಅಂಗಾಲು, ಹರಡಿನ ಒಳಮಗ್ಗುಲು ಮೂರೂ ಮುಟ್ಟಿ ನೋಡಿ. ಆಮೇಲೆ ಮನೆಯವರಿಗೆ ಹೇಳಿ: ಮಾರನೆಯ ದಿನದವರೆಗೂ ಪಾದ ಜೋತುಬೀಳಬಹುದು, ರಾತ್ರಿ ಒಂದಕ್ಕೆ ಹೋಗಬೇಕಾದರೆ ಒಬ್ಬರನ್ನೇ ಏಳಲು ಬಿಡಬೇಡಿ.