ನ್ಯಾಯಪ್ರಜ್ಞೆಯೋ, ಅಧಿಕಾರದ ಲೆಕ್ಕವೋ? ದೇವರಾಜ ಅರಸು ಅವರನ್ನು ಅಳೆಯುವ ಬಗೆ

ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಅರಸು ಅವರನ್ನು ಅಳೆಯಲು ಮೊದಲು ಭಾಷಣಗಳನ್ನು ಬದಿಗಿಟ್ಟು ಕಾನೂನಿನ ಕಲಮುಗಳನ್ನು ಓದಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ನೋಡಬೇಕಾದ್ದು ಗೇಣಿದಾರರ ಭೂಮಿಯ ಹಕ್ಕನ್ನು ತೀರ್ಮಾನಿಸುವ ಭೂನ್ಯಾಯ ಮಂಡಳಿಯ ರಚನೆ. ಅಧ್ಯಕ್ಷರು ಉಪವಿಭಾಗಾಧಿಕಾರಿ, ಜೊತೆಗೆ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಆಗ ಪ್ರವೇಶವಿರಲಿಲ್ಲ. ಗೇಣಿದಾರ ಭೂಮಿಯ ಹಕ್ಕು ಕೋರುವ ಅರ್ಜಿಯಾದ 7ನೇ ನಮೂನೆ ತುಂಬಿ ತಾನೇ ವಾದಿಸಬಹುದಿತ್ತು. ಹಣವಂತ ಭೂಮಾಲೀಕನ ದೊಡ್ಡ ಅಸ್ತ್ರವನ್ನೇ ಇದು ಕಸಿದುಕೊಂಡಿತು. ನ್ಯಾಯದ ಕಾಳಜಿ ಕಾಣುವುದು ಇಂಥ ಸಣ್ಣ ಕಲಮಿನಲ್ಲೇ.

ಆದರೆ ಆ ನಾಲ್ವರನ್ನು ನೇಮಿಸುತ್ತಿದ್ದುದು ಸರ್ಕಾರ. ಅಂದರೆ ಅದೇ ಕಲಮು ಊರೂರಲ್ಲಿ ಬೆಂಬಲಿಗರನ್ನು ಬೆಳೆಸುವ ದಾರಿಯೂ ಹೌದು. ಎರಡನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಯಾರು ಹೊರಗುಳಿದರು ಎಂದು ಕೇಳಿ: ಕಾಫಿ ತೋಟಗಳಿಗೆ ವಿನಾಯಿತಿ ಸಿಕ್ಕಿತು, ಗೇಣಿಯೂ ಇಲ್ಲದ ಕೂಲಿಕಾರರಿಗೆ ದಕ್ಕಿದ್ದು ಕಡಿಮೆ.

ಹೆಚ್ಚಿನವರು ಎಡವುವುದು ಕೊನೆಯ ಹಂತದಲ್ಲಿ. ತುರ್ತುಪರಿಸ್ಥಿತಿಗೆ ಕೊಟ್ಟ ಬೆಂಬಲ, 1977ರಲ್ಲಿ ಕೇಂದ್ರ ನೇಮಿಸಿದ ಗ್ರೋವರ್ ತನಿಖಾ ಆಯೋಗದ ಮುಂದೆ ಅವರ ಮೇಲಿದ್ದ ಆರೋಪಗಳು, ಇವನ್ನು ಪ್ರತ್ಯೇಕ ಹಾಳೆಯಲ್ಲಿ ತೂಗಿ. ಭ್ರಷ್ಟಾಚಾರದ ಆರೋಪದಿಂದ ಗೇಣಿದಾರನ ಹಕ್ಕುಪತ್ರ ಸುಳ್ಳಾಗದು; ಹಕ್ಕುಪತ್ರ ತೋರಿಸಿ ಆರೋಪವನ್ನು ತೊಳೆಯಲೂ ಆಗದು.