ಮನೆಯಲ್ಲಿ ಅಳೆದ ನೆರಳು ತರಗತಿಗೆ ಬರಲಿ

ಮೊಬೈಲ್‌ನಲ್ಲಿ ಗುಂಪು ಕಟ್ಟಿ, ಪಾಠದ ಪಿಡಿಎಫ್ ಮತ್ತು ವಿಡಿಯೊ ಕೊಂಡಿಗಳನ್ನು ಸುರಿದರೆ ಕಲಿಕೆ ತರಗತಿಯಾಚೆಗೂ ಹಬ್ಬಿತು ಎಂದು ನಂಬಿದ ಶಿಕ್ಷಕರನ್ನು ಬಹಳ ನೋಡಿದ್ದೇನೆ. ಅಂಥ ಗುಂಪಿನಲ್ಲಿ ಎಲ್ಲವೂ ಶಾಲೆಯಿಂದ ಮನೆಗೆ ಹೋಗುತ್ತದೆ. ಮನೆಯಿಂದ ಶಾಲೆಗೆ ಬರುವುದು ‘ಮುಗಿಸಿದೆ ಸರ್’ ಎಂಬ ಒಂದು ಸಾಲು. ಆಗಬೇಕಾದದ್ದು ಬೇರೆ: ಮಗು ಹೊರಗೆ ಕಂಡದ್ದು, ಅಳೆದದ್ದು ಮುಂದಿನ ತರಗತಿಯ ಪಾಠಕ್ಕೇ ಸಾಮಗ್ರಿಯಾಗಬೇಕು. ಕೋಲಿನ ನೆರಳನ್ನು ಅಳೆಯುವ ಚಟುವಟಿಕೆಯೊಂದನ್ನು ಹಿಡಿದು ಇದನ್ನು ಮಾಡುವ ಬಗೆಯನ್ನು ಹೇಳುತ್ತೇನೆ.

ಮೊದಲು ಪ್ರಶ್ನೆ

‘ನೆರಳು ಹೇಗೆ ಉಂಟಾಗುತ್ತದೆ?’ ಎಂದು ಕೇಳಿದರೆ ಉತ್ತರ ಅಂತರ್ಜಾಲದಿಂದ ಇಳಿದು ಬರುತ್ತದೆ. ‘ಭಾನುವಾರ ಮಧ್ಯಾಹ್ನ ನೀನು ನಿಲ್ಲಿಸಿದ ಕೋಲಿನ ಅತಿ ಚಿಕ್ಕ ನೆರಳು ಎಷ್ಟು?’ ಎಂದು ಕೇಳಿ. ಈ ಉತ್ತರ ಆ ಮಗುವಿನ ಹೊರತು ಯಾರ ಬಳಿಯೂ ಇರುವುದಿಲ್ಲ.

ಸಮತಟ್ಟಾದ ನೆಲ, ನೇರವಾದ ಕೋಲು, ಅಳತೆ ಪಟ್ಟಿ ಸಾಕು. ಕೋಲು ನೆಟ್ಟಗಿದೆಯೇ ಎಂದು ನೋಡಲು ಮೊಬೈಲ್ ಆ್ಯಪ್ ಬೇಡ. ಫೋನಿನ ಕವಚ ದಪ್ಪವಿದ್ದರೂ ಅದು ತಪ್ಪು ತೋರಿಸಬಹುದು. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಿ. ನೆರಳು ಗಡಿಯಾರದ 12 ಗಂಟೆಗೇ ಅತಿ ಚಿಕ್ಕದಾಗುತ್ತದೆ ಎಂದೇನಿಲ್ಲ. ಆದ್ದರಿಂದ ಆ ಹೊತ್ತಿನ ಆಚೀಚೆ ಐದೈದು ನಿಮಿಷಕ್ಕೊಮ್ಮೆ ಅಳೆದು, ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿಕೊಳ್ಳಲಿ.

ಫಾರ್ಮ್: ಕೆಡುವುದು ಇಲ್ಲಿಯೇ

ಉತ್ತರಗಳನ್ನು ಮೆಸೇಜ್ ಗುಂಪಿನಲ್ಲಿ ಪಡೆಯಲೇಬೇಡಿ. ನಲವತ್ತು ಮಕ್ಕಳ ನಲವತ್ತು ಬಗೆಯ ವಾಕ್ಯಗಳನ್ನು ರಾತ್ರಿ ಕೂತು ನಕಲು ಮಾಡುವ ಶಿಕ್ಷಕ ಎರಡನೆಯ ಬಾರಿಗೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಪ್ರಶ್ನೆಗಳನ್ನು ಕಳುಹಿಸಿ ಉತ್ತರಗಳನ್ನು ಒಂದೆಡೆ ಸೇರಿಸುವ ಗೂಗಲ್ ಫಾರ್ಮ್ಸ್‌ನಂಥ ಒಂದು ಉಪಕರಣ ಸಾಕು. ಅಂಕ, ಪದಕ, ಪಟಾಕಿ ಸದ್ದುಗಳಿರುವ ರಸಪ್ರಶ್ನೆ ಆ್ಯಪ್‌ಗಳು ಇಲ್ಲಿ ಬೇಡ; ಮಕ್ಕಳ ಗಮನ ನೆರಳಿನಿಂದ ಅಂಕದ ಕಡೆಗೆ ಹೊರಳುತ್ತದೆ.

ಫಾರ್ಮ್‌ನಲ್ಲಿ ಕ್ರಮಸಂಖ್ಯೆ, ಕೋಲಿನ ಉದ್ದ, ನೆರಳಿನ ಉದ್ದ, ನೆರಳು ಬಿದ್ದ ದಿಕ್ಕು, ಅಳೆದ ದಿನಾಂಕ ಮತ್ತು ಸಮಯವನ್ನು ಕೇಳಿ. ಹೆಸರು, ಫೋನ್ ಸಂಖ್ಯೆ, ವಿಳಾಸ ಬೇಡ. ಸಲ್ಲಿಸಿದ ಸಮಯವನ್ನು ಫಾರ್ಮ್ ತಾನಾಗಿಯೇ ದಾಖಲಿಸುತ್ತದೆಯಲ್ಲ ಎಂದು ಸಮಯದ ಪ್ರಶ್ನೆಯನ್ನು ಕೈಬಿಡುವವರಿದ್ದಾರೆ. ಅದು ಕಳುಹಿಸಿದ ಹೊತ್ತು. ಮಧ್ಯಾಹ್ನ ಅಳೆದ ಮಗು ಅಪ್ಪನ ಫೋನ್ ಸಿಕ್ಕ ಮೇಲೆ ರಾತ್ರಿ ಕಳುಹಿಸುತ್ತದೆ.

ಉದ್ದದ ಪ್ರಶ್ನೆಯಲ್ಲೇ ‘ಸೆಂಟಿಮೀಟರ್‌ನಲ್ಲಿ, ಅಂಕಿ ಮಾತ್ರ’ ಎಂದು ಬರೆಯಿರಿ. ಬರೆದರಷ್ಟೇ ಸಾಲದು. ಪ್ರಶ್ನೆಯ ಕೆಳಗಿನ ಮೂರು ಚುಕ್ಕಿಗಳನ್ನು ಒತ್ತಿ, ಉತ್ತರವನ್ನು ಪರಿಶೀಲಿಸುವ ಆಯ್ಕೆ ತೆರೆದು, ಸಂಖ್ಯೆಯನ್ನು ಮಾತ್ರ ಸ್ವೀಕರಿಸುವಂತೆ ಮಾಡಿ. ಇಲ್ಲವಾದರೆ ‘ಸುಮಾರು ಒಂದೂವರೆ ಅಡಿ’ ಬಂದೇ ಬರುತ್ತದೆ. ನೆರಳಿನ ಕನಿಷ್ಠ ಮಿತಿಯನ್ನು 0 ಎಂದೇ ಇಡಿ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನ ಸರಿಯಾಗಿ ಅಳೆದ ಮಗುವನ್ನು ಫಾರ್ಮ್ ತಿರಸ್ಕರಿಸಬಾರದು.

ಇನ್ನು ಸೆಟ್ಟಿಂಗ್ಸ್. ಫೋಟೊ ಲಗತ್ತಿಸುವ ಪ್ರಶ್ನೆ ಸೇರಿಸಿದೊಡನೆ ಉತ್ತರಿಸುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕಾಗುತ್ತದೆ. ಖಾತೆ ಇಲ್ಲದ ಮಗು ಅಲ್ಲಿಗೆ ನಿಂತಿತು. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆಯೂ ಲಾಗಿನ್ ಕೇಳುತ್ತದೆ, ಒಂದೇ ಫೋನ್ ಬಳಸುವ ಅಕ್ಕತಮ್ಮಂದಿರಲ್ಲಿ ಒಬ್ಬರನ್ನು ಹೊರಗಿಡುತ್ತದೆ. ಶಾಲೆಯ ಖಾತೆಯಿಂದ ಮಾಡಿದ ಫಾರ್ಮ್ ಆ ಸಂಸ್ಥೆಯವರಿಗೆ ಮಾತ್ರ ತೆರೆದುಕೊಳ್ಳುವಂತೆ ಇರಬಹುದು. ಈ ಮೂರನ್ನೂ ತೆಗೆದುಹಾಕಿ. ಆಮೇಲೆ ನಿಮ್ಮ ಫೋನ್‌ನಲ್ಲಲ್ಲ, ಲಾಗಿನ್ ಆಗದ ಬೇರೊಂದು ಫೋನ್‌ನಲ್ಲಿ ಫಾರ್ಮ್ ತುಂಬಿ ನೋಡಿ. ಈ ಒಂದು ಪರೀಕ್ಷೆಯನ್ನು ಬಿಟ್ಟವರ ಫಾರ್ಮ್‌ಗಳೇ ಭಾನುವಾರ ಸಂಜೆ ಖಾಲಿ ಉಳಿಯುವುದು.

ಉತ್ತರಗಳು ಬಂದು ಬೀಳುವ ಹಾಳೆಯ (ಗೂಗಲ್ ಶೀಟ್ಸ್) ಕೊಂಡಿಯನ್ನು ಮಕ್ಕಳಿಗೆ ಕೊಡುವುದಾದರೆ ನೋಡುವ ಅನುಮತಿ ಮಾತ್ರ ಕೊಡಿ. ತಿದ್ದುವ ಅನುಮತಿ ಇದ್ದರೆ ಯಾರೋ ಒಂದು ಕಾಲಮ್ಮನ್ನು ಮಾತ್ರ ಕ್ರಮಗೊಳಿಸಿ ಎಲ್ಲರ ಅಳತೆಗಳನ್ನು ಅದಲುಬದಲು ಮಾಡಿಬಿಡುತ್ತಾರೆ. ಈಗಾಗಲೇ ಹಾಗಾಗಿದ್ದರೆ ಹಾಳೆಯ ಆವೃತ್ತಿ ಇತಿಹಾಸದಿಂದ ಹಿಂದಿನ ರೂಪವನ್ನು ಮರಳಿ ಪಡೆಯಬಹುದು.

ಫೋನ್ ಇಲ್ಲದ ಮಕ್ಕಳು

ಅವರು ನೋಟ್‌ಬುಕ್ಕಿನಲ್ಲಿ ಬರೆದು ತರಲಿ. ಸೋಮವಾರ ಪಾಠಕ್ಕೆ ಮೊದಲು ಶಾಲೆಯ ಕಂಪ್ಯೂಟರ್‌ನಲ್ಲಿ ತಾವೇ ತುಂಬಲಿ. ಕೈ ಎತ್ತಿಸಿ ‘ಯಾರ ಮನೆಯಲ್ಲಿ ಫೋನ್ ಇಲ್ಲ?’ ಎಂದು ಕೇಳಬೇಡಿ. ಎರಡು ದಾರಿಗಳನ್ನೂ ಎಲ್ಲರಿಗೂ ತೆರೆದಿಡಿ. ಆಗ ಸೋಮವಾರ ತುಂಬಿದ ಸಾಲನ್ನು ನೋಡಿ ಆ ಮನೆಯಲ್ಲಿ ಫೋನ್ ಇಲ್ಲವೆಂದು ಯಾರೂ ಹೇಳಲಾರರು.

ಸೋಮವಾರದ ತರಗತಿ

ಇದನ್ನು ಬಿಟ್ಟರೆ ಮೇಲಿನದೆಲ್ಲವೂ ವ್ಯರ್ಥ. ನೆರಳನ್ನು ಕೋಲಿನ ಉದ್ದದಿಂದ ಭಾಗಿಸುವ ಒಂದು ಕಾಲಮ್ ಸೇರಿಸಿ, ಅದರ ನಕ್ಷೆ (ಗ್ರಾಫ್) ಮಾಡಿ ಪರದೆಯ ಮೇಲೆ ತೋರಿಸಿ. ಕೋಲುಗಳು ಬೇರೆಬೇರೆಯಾದರೂ ಒಂದೇ ಊರಿನಲ್ಲಿ ಒಂದೇ ದಿನ ಈ ಅನುಪಾತ ಹೆಚ್ಚುಕಡಿಮೆ ಒಂದೇ ಬರಬೇಕು. ಮಕ್ಕಳು ಇದನ್ನು ತಾವೇ ಗುರುತಿಸುವವರೆಗೆ ಸುಮ್ಮನಿರಿ, ಅವಸರ ಬೇಡ.

ಒಂದೆರಡು ಚುಕ್ಕಿಗಳು ದೂರ ನಿಂತಿರುತ್ತವೆ. ಅವುಗಳನ್ನು ಮುಂಚೆಯೇ ಅಳಿಸಿ ನಕ್ಷೆಯನ್ನು ಚೊಕ್ಕ ಮಾಡಿಕೊಂಡು ಬರುವ ಶಿಕ್ಷಕರು ಪಾಠದ ತಿರುಳನ್ನೇ ಅಳಿಸಿರುತ್ತಾರೆ. ‘ಇದು ತಪ್ಪು’ ಎನ್ನಬೇಡಿ. ‘ಇಲ್ಲಿ ಹೀಗೇಕೆ ಬಂದಿರಬಹುದು?’ ಎಂದು ಇಡೀ ತರಗತಿಯನ್ನು ಕೇಳಿ. ನೆಲ ಇಳಿಜಾರಾಗಿತ್ತೇ, ಕೋಲು ವಾಲಿತ್ತೇ, ಅಳೆದದ್ದು ಮೂರು ಗಂಟೆಗೇ, ಇಂಚಿನ ಕಡೆಯಿಂದ ಓದಿದ್ದೇ? ಅನುಮಾನ ಬಂದವರು ಮತ್ತೆ ಅಳೆಯಲಿ, ಹಳೆಯ ಸಾಲೂ ಹಾಗೆಯೇ ಉಳಿಯಲಿ.

ಇನ್ನೊಂದು ಶಾಲೆ

ಸರಿಸುಮಾರು ಅದೇ ರೇಖಾಂಶದಲ್ಲಿ, ಉತ್ತರಕ್ಕೋ ದಕ್ಷಿಣಕ್ಕೋ ದೂರವಿರುವ ಶಾಲೆಯೊಂದಕ್ಕೆ ಇದೇ ಫಾರ್ಮ್ ಕಳುಹಿಸಿ, ಅದೇ ದಿನ ಅಳೆಯಲು ಕೇಳಿ. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಮಾಡಿದ್ದು ಇದನ್ನೇ: ಸೂರ್ಯ ಈಜಿಪ್ಟಿನ ಸಯೀನ್‌ನಲ್ಲಿ (ಇಂದಿನ ಆಸ್ವಾನ್) ನೆತ್ತಿಯ ಮೇಲಿದ್ದಾಗ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ ವೃತ್ತದ 50ನೇ ಒಂದು ಭಾಗ, ಅಂದರೆ 7.2 ಡಿಗ್ರಿ. ಆ ಎರಡು ಊರುಗಳ ದೂರವನ್ನು 50ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ. ತ್ರಿಕೋನಮಿತಿ ಕಲಿಯದ ಮಕ್ಕಳು ಕೋಲು ಮತ್ತು ನೆರಳನ್ನು ಪ್ರಮಾಣಕ್ಕೆ ತಕ್ಕಂತೆ ಬರೆದು ಕೋನಮಾಪಕದಿಂದ ಅಳೆಯಲಿ. ದಿಕ್ಕಿನ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಎರಡೂ ಕಡೆ ನೆರಳು ಒಂದೇ ದಿಕ್ಕಿಗೆ ಬಿದ್ದಿದ್ದರೆ ಕೋನಗಳನ್ನು ಕಳೆಯಬೇಕು, ಎದುರುಬದುರಾಗಿದ್ದರೆ ಕೂಡಬೇಕು.

ವಿಡಿಯೊ ಕರೆ ಲೆಕ್ಕ ಮುಗಿದ ಮೇಲಿರಲಿ. ಹೇಳಲು ಏನೂ ಇಲ್ಲದ ಮಕ್ಕಳನ್ನು ಎದುರುಬದುರು ಕೂರಿಸಿದರೆ ಕೈ ಬೀಸಿ ಮುಗಿಸುತ್ತಾರೆ. ತಿಂಗಳ ನಂತರ ಅಳತೆಯನ್ನು ಮತ್ತೆ ಮಾಡಿಸಿ. ಆಗ ಹೊಸ ಫಾರ್ಮ್ ಮಾಡಬೇಡಿ. ಹಳೆಯ ಹಾಳೆಯಲ್ಲೇ ಸಾಲುಗಳು ಸೇರಿದರೆ, ದಿನಾಂಕದ ಕಾಲಮ್ ಹಿಡಿದು ನೆರಳು ಎಷ್ಟು ಬದಲಾಯಿತೆಂದು ಮಕ್ಕಳೇ ನಕ್ಷೆ ಬರೆಯುತ್ತಾರೆ.